ಲಾಲಸಾಬನ ಬೆನ್ನೂ ಎದೆಯೂ

ಚರ್ಮದ ಡಾಕ್ಟರಿಗೆ ಫೀಸು ನಾನೂರು. ಮುಲಾಮಿಗೆ ಏಳುನೂರ ಚಿಲ್ಲರೆ. ತಲೆಗೆ ಹಚ್ಚುವ ಔಷಧಿ ಬೇರೆ, ಅದಕ್ಕೆ ಮುನ್ನೂರು. ಸಿರುಗುಪ್ಪದಿಂದ ಬಳ್ಳಾರಿಗೆ ಹೋಗಿಬರಲು ಲಾಲಸಾಬನ ಬಸ್ ಚಾರ್ಜು, ಸ್ಟ್ಯಾಂಡಿನಿಂದ ದವಾಖಾನೆಗೆ ಆಟೋ, ಮಧ್ಯಾಹ್ನ ಎರಡು ಪ್ಲೇಟು ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ. ಅಂಗಡಿ ಬಾಗಿಲು ಹಾಕಿದ್ದಕ್ಕೆ ಒಂದು ದಿನದ ದುಡಿಮೆ. ಇದರಲ್ಲಿ ಬಿಟ್ಟಿ ಬಂದದ್ದು ಒಂದೇ, ರಹೀಮಾಬೀಯ ಬಸ್ ಟಿಕೆಟ್ಟು. ಸರ್ಕಾರ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿರದಿದ್ದರೆ ಅವಳು ಗಂಡನ ಜೊತೆ ಹೋಗುತ್ತಿರಲಿಲ್ಲ. ಹೋಗದಿದ್ದರೆ ಆ ಡಾಕ್ಟರಮ್ಮನನ್ನು ನೋಡುತ್ತಿರಲಿಲ್ಲ. ನೋಡದಿದ್ದರೆ ಹೊಟ್ಟೆಯಲ್ಲಿ ಕೆಂಡ ಕಟ್ಟಿಕೊಂಡು ಮೂರು ತಿಂಗಳು ತಿರುಗುತ್ತಿರಲಿಲ್ಲ. ಪುಕ್ಕಟೆ ಸಿಕ್ಕದ್ದಕ್ಕೇ ಬೆಲೆ ಜಾಸ್ತಿ ಅನ್ನುವುದು ಸುಳ್ಳಲ್ಲ.

ಲಾಲಸಾಬ್ ಪಿಂಜಾರರವನು. ಸಿರುಗುಪ್ಪದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವನ ಗಾದಿ ಅಂಗಡಿ, ಅಂಗಡಿಯ ಮೇಲೆ ಮನೆ. ಕೆಳಗೆ ಅರಳೆ ಹಿಂಜುವ ಮಿಷಿನ್ನು, ಮೇಲೆ ಒಂದು ಕೋಣೆ, ಒಂದು ಅಡಿಗೆಮನೆ, ಗಂಡ ಹೆಂಡತಿ ಇಬ್ಬರೇ. ಮಕ್ಕಳಾಗಲಿಲ್ಲ. ಮದುವೆಯಾದ ಹೊಸತರಲ್ಲಿ ಅವನ ಮೊಣಕೈ ಮೇಲೆ ರೂಪಾಯಿ ಅಗಲದ ಕೆಂಪು ಕಲೆಯೊಂದು ಇತ್ತು, ಅದರ ಮೇಲೆ ಬೆಳ್ಳಗಿನ ಹೊಟ್ಟು. ಬರಬರುತ್ತ ಅದು ಮೊಣಕಾಲಿಗೆ ಇಳಿಯಿತು, ತಲೆಗೆ ಏರಿತು, ಕೊನೆಗೆ ಬೆನ್ನು ತುಂಬ ಹಬ್ಬಿತು. ಸೋರಿಯಾಸಿಸ್ ಎಂದು ಅದರ ಹೆಸರು. ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಆದರೆ ಮದುವೆಯ ಗಾದಿ ಮಾಡುವವನ ಮೈಯಿಂದಲೇ ಹೊಟ್ಟು ಉದುರುತ್ತದೆ ಎಂದು ಗೊತ್ತಾದರೆ ಯಾರು ಅವನ ಅಂಗಡಿ ಮೆಟ್ಟಿಲು ಹತ್ತುತ್ತಾರೆ? ಅದಕ್ಕೇ ಲಾಲಸಾಬನಿಗೆ ಬಿರುಬಿಸಿಲಲ್ಲೂ ತುಂಬು ತೋಳಿನ ಅಂಗಿ, ತಲೆಗೆ ಟೊಪ್ಪಿಗೆ. ಬಿಳಿ ಅರಳೆಯ ನಡುವೆ ಬಿಳಿ ಹೊಟ್ಟು ಕಾಣುವುದಿಲ್ಲ, ಅಷ್ಟೇ ಅವನ ಪುಣ್ಯ.

ಆ ಬೆನ್ನನ್ನು ಕಂಡವಳು ಲೋಕದಲ್ಲಿ ರಹೀಮಾಬೀ ಒಬ್ಬಳೇ. ಇಪ್ಪತ್ತು ವರ್ಷ ದಿನಾ ಸಂಜೆ ಅವನನ್ನು ಮಣೆಯ ಮೇಲೆ ಕೂರಿಸಿ, ಬೆಚ್ಚಗಿನ ಕೊಬ್ಬರಿ ಎಣ್ಣೆಗೆ ಬೇವಿನೆಣ್ಣೆ ಕೂಡಿಸಿ, ಅಂಗೈಯಿಂದ ತಿಕ್ಕಿದ್ದಾಳೆ. ಯಾವ ಕಲೆ ಯಾವ ಕಾಲಕ್ಕೆ ಕೆಂಪೇರುತ್ತದೆ, ಎಲ್ಲಿ ತುರಿಸುತ್ತದೆ, ಎಲ್ಲಿ ಉರಿಯುತ್ತದೆ, ಎಲ್ಲ ಅವಳಿಗೆ ಗೊತ್ತು. ಕೆಲವರಿಗೆ ಹೊಲ ಇರುತ್ತದೆ, ಕೆಲವರಿಗೆ ಒಡವೆ. ರಹೀಮಾಬೀಗೆ ಇದ್ದದ್ದು ಆ ಬೆನ್ನು.

ಅದನ್ನು ಆ ಡಾಕ್ಟರಮ್ಮ ಇವರು ಬಂದು ಕೂತ ಎರಡು ಮಾತಿಗೇ ನೋಡಿಬಿಟ್ಟಳು.

ಡಾಕ್ಟರ ಹೆಸರು ಸಂಘಮಿತ್ರಾ. ಮೂವತ್ತು ದಾಟಿರಲಿಕ್ಕಿಲ್ಲ. ಕನ್ನಡಕ, ಸಣ್ಣ ಜಡೆ, ನಗುವಾಗ ಒಂದೇ ಕೆನ್ನೆಯಲ್ಲಿ ಗುಳಿ. "ಅಂಗಿ ತೆಗೀರಿ" ಅಂದಳು. ಲಾಲಸಾಬ್ ಹೆಂಡತಿಯ ಮುಖ ನೋಡಿದ. ಹೆಂಡತಿ ಗೋಡೆ ನೋಡಿದಳು. ಅಂಗಿ ತೆಗೆದ. ಡಾಕ್ಟರಮ್ಮ ಕೈಗವಸು ಕೂಡ ಹಾಕಿಕೊಳ್ಳದೆ ಬೆನ್ನಿನ ಮೇಲೆ ಬೆರಳಾಡಿಸಿ, "ಇಷ್ಟು ವರ್ಷ ಹೆಂಗ ತಡಕೊಂಡ್ರಿ?" ಎಂದು ಕೇಳಿದಳು. ಅಂಥ ಮಾತು ಲಾಲಸಾಬನನ್ನು ಯಾರೂ ಕೇಳಿರಲಿಲ್ಲ. ರಹೀಮಾಬೀಯೂ ಕೇಳಿರಲಿಲ್ಲ. ಕೈ ತುಂಬ ಎಣ್ಣೆ ಇದ್ದವಳಿಗೆ ಬಾಯಲ್ಲಿ ಕೇಳಬೇಕೆಂದು ಹೊಳೆದೇ ಇರಲಿಲ್ಲ.

ಅಲ್ಲಿಗೆ ಮುಗಿಯಲಿಲ್ಲ. ಡಾಕ್ಟರಮ್ಮ ಬಿ.ಪಿ. ನೋಡಿದಳು. ಟೇಪು ತಂದು ಅವನ ಸೊಂಟ ಅಳೆದಳು. ಕೊನೆಗೆ ಕಿವಿಗೆ ನಳಿಕೆ ಹಾಕಿಕೊಂಡು ಎದೆ ಕೇಳತೊಡಗಿದಳು.

ರಹೀಮಾಬೀಗೆ ತಡೆಯಲಿಲ್ಲ. "ಡಾಕ್ಟರಮ್ಮಾ, ಚರ್ಮಕ್ಕ ತೋರ್ಸಾಕ ಬಂದೀವ್ರಿ. ಎದಿ ಯಾಕ ಕೇಳ್ತೀರಿ?"

"ಚರ್ಮದ್ದಕ್ಕ ಕೇಳಾಕತ್ತೀನ್ರಿ ಅಮ್ಮಾ. ಈ ರೋಗ ಮೈ ಮ್ಯಾಲೆ ಅಷ್ಟ ಇರಂಗಿಲ್ಲ, ಒಳಗೂ ಇರತೈತಿ. ಇದು ಜಾಸ್ತಿ ಇದ್ದವರಿಗೆ ಹೃದಯದ ತೊಂದ್ರಿ ಬರೋದು ಉಳಿದವರಿಗಿಂತ ಹೆಚ್ಚು." ಲಾಲಸಾಬನ ಕಡೆ ತಿರುಗಿದಳು. "ಬೀಡಿ ಐತೇನು?"

"ಇತ್ರಿ. ಬಿಟ್ಟು ವರ್ಸಾತು."

"ಮೆಟ್ಟಲ ಹತ್ತುವಾಗ ದಮ್ಮು ಬರತೈತಾ? ಎದಿ ಹಿಡದಂಗ ಆಗತೈತಾ?"

ಲಾಲಸಾಬ್ ಬಾಯಿ ತೆರೆದ. ಅಷ್ಟರಲ್ಲಿ ರಹೀಮಾಬೀಯೇ ಉತ್ತರ ಕೊಟ್ಟಳು. "ಪಿಂಜಾರರ ಮನ್ಯಾಗ ಎಲ್ಲಾರಿಗೂ ದಮ್ಮು ಐತ್ರಿ. ಅರಳಿ ಧೂಳು ಅದು. ಅದಕ್ಕ ಯಾರೂ ಔಷಧ ತಗೊಳಂಗಿಲ್ಲ."

ಮಾತು ಅಲ್ಲಿಗೆ ಕಡಿಯಲಿ, ಆ ನಳಿಕೆ ಗಂಡನ ಎದೆಯಿಂದ ಏಳಲಿ ಎಂಬುದಷ್ಟೇ ಅವಳ ಉದ್ದೇಶ. ಡಾಕ್ಟರಮ್ಮ ಅವಳನ್ನೊಮ್ಮೆ ನೋಡಿ, ಚೀಟಿ ಬರೆದು, "ಮುಂದಿನ ವಾರ ಮುಂಜಾನೆ ಖಾಲಿ ಹೊಟ್ಟೀಲೆ ಬರ್ರಿ. ರಕ್ತ ನೋಡೂಣು, ಇ.ಸಿ.ಜಿ. ಮಾಡಸೂಣು. ಏನರ ಅನ್ನಿಸಿದ್ರ ಈ ನಂಬರಿಗೆ ಫೋನ್ ಮಾಡ್ರಿ" ಅಂದಳು.

ಬಸ್ಸು ಬಳ್ಳಾರಿಯ ಗುಡ್ಡ ಹಿಂದೆ ಹಾಕಿತೋ ಇಲ್ಲವೋ, ರಹೀಮಾಬೀ ಶುರು ಮಾಡಿದಳು.

"ಖಾಲಿ ಹೊಟ್ಟೀಲೆ ಬರ್ರಿ ಅಂದ್ಲು. ಯಾಕ, ಆಕಿ ಮನ್ಯಾಗ ನಿಮಗ ಊಟ ಐತೇನು?"

"ಲೇ, ರಕ್ತ ತೆಗ್ಯಾಕ ಹಂಗ ಕರೀತಾರ."

"ಸೊಂಟ ಅಳದ್ಲು. ನಿಮಗೇನು ಪ್ಯಾಂಟ್ ಹೊಲೀತಾಳಾ?"

ಲಾಲಸಾಬ್ ನಕ್ಕ. "ಹುಚ್ಚಿ. ಆಕಿ ನಮ್ಮ ಮಗಳ ವಯಸ್ಸಿನಾಕಿ."

"ನಮಗ ಮಗಳಿಲ್ಲ" ಅಂದಳು ರಹೀಮಾಬೀ. "ಇಲ್ಲದ ಮಗಳ ವಯಸ್ಸು ಹೆಂಗ ಲೆಕ್ಕ ಹಾಕಿದ್ರಿ?"

ಅವನು ಕಿಟಕಿಯ ಕಡೆ ತಿರುಗಿದ.

ಮುಲಾಮು ಹತ್ತಿತು. ಹತ್ತದೆ ಇದ್ದಿದ್ದರೆ ರಹೀಮಾಬೀ ಗೆದ್ದಂತಾಗುತ್ತಿತ್ತು. ಮೊದಲು ಮೊಣಕೈ ತಿಳಿಯಾಯಿತು, ಆಮೇಲೆ ತಲೆ. ಒಂದು ದಿನ ಲಾಲಸಾಬ್ ಪೇಟೆಗೆ ಹೋಗಿ ಅರ್ಧ ತೋಳಿನ ಅಂಗಿ ತಂದ. ಮದುವೆಯಾದಾಗಿನಿಂದ ಅವಳು ಅವನ ಮುಂಗೈಯನ್ನು ಬೀದಿಯ ಬೆಳಕಿನಲ್ಲಿ ಕಂಡದ್ದೇ ಇಲ್ಲ. ಎದುರಿಗೆ ಕಾಯಿಪಲ್ಯೆ ಮಾರುವ ಗಿಡ್ಡಮ್ಮ ಹಾದಿ ಮೇಲಿಂದಲೇ ಕೂಗಿದಳು.

"ಏನ್ ಲಾಲಸಾಬಣ್ಣ! ಮದುಮಗ ಆಗೀಯಲ್ಲೋ! ಏನ್ ಇದರ ಗುಟ್ಟು?"

"ಬಳ್ಳಾರಿ ಡಾಕ್ಟರಮ್ಮನ ಕೈಗುಣ, ಗಿಡ್ಡಮ್ಮಕ್ಕ!"

ಕೈಗುಣ. ಮೇಲೆ ಅಡಿಗೆಮನೆಯಲ್ಲಿ ಒಲೆಯ ಮುಂದೆ ಕೂತಿದ್ದ ರಹೀಮಾಬೀಗೂ ಆ ಮಾತು ಕೇಳಿಸಿತು. ಅವಳು ತನ್ನ ಅಂಗೈ ನೋಡಿಕೊಂಡಳು. ಇಪ್ಪತ್ತು ವರ್ಷದ ಎಣ್ಣೆ ಕುಡಿದು ಹಳದಿಯಾದ ಅಂಗೈ. ಇದಕ್ಕೆ ಇಲ್ಲದ ಗುಣ ನಿನ್ನೆ ಮೊನ್ನೆ ಬಂದವಳ ಕೈಗೆ ಎಲ್ಲಿಂದ ಬಂತು? ಗಂಡನ ಕಾಯಿಲೆ ವಾಸಿಯಾದರೆ ಹೆಂಡತಿ ಹೊಟ್ಟೆ ಉರಿದುಕೊಳ್ಳುತ್ತಾಳೆ ಎಂದರೆ ಕೇಳಿದವರು ನಗುತ್ತಾರೆ. ಇದು ಅವಳಿಗೂ ಗೊತ್ತಿತ್ತು. ಅದಕ್ಕೇ ಯಾರಿಗೂ ಹೇಳಲಿಲ್ಲ, ಉರಿಯುವುದನ್ನೂ ಬಿಡಲಿಲ್ಲ.

ಅವತ್ತು ಸಂಜೆ ಅವನು ಮುಲಾಮು ಹಿಡಿದು ಬಂದು, "ಬೆನ್ನಿಗಿಷ್ಟು ಹಚ್ಚು" ಅಂದ.

"ನನ್ನ ಕೈಗೆ ಗುಣ ಇಲ್ಲ. ಗುಣ ಇದ್ದಾಕಿ ಕಡೆ ಹಚ್ಚಿಸ್ಕೋರಿ."

ಅವನು ಕೆಳಗೆ ಹೋಗಿ, ಬಟ್ಟೆ ಅಳೆಯುವ ಕೋಲಿನ ತುದಿಗೆ ಅರಳೆ ಸುತ್ತಿ, ಅದಕ್ಕೆ ಮುಲಾಮು ಸವರಿ, ತಾನೇ ಹೆಗಲ ಮೇಲಿಂದ ಬೆನ್ನಿಗೆ ಹಚ್ಚಿಕೊಂಡ. ಅವಳು ಮೆಟ್ಟಿಲ ಮೇಲೆ ನಿಂತು ಕದ್ದು ನೋಡಿದಳು. ನಡು ಬೆನ್ನಿಗೆ ಕೋಲು ಮುಟ್ಟುತ್ತಿರಲಿಲ್ಲ. ಇಳಿದು ಹೋಗೋಣ ಅನ್ನಿಸಿತು. ಇಳಿಯಲಿಲ್ಲ.

ರಕ್ತ ಪರೀಕ್ಷೆಯ ದಿನ ಬಂತು. "ರಾರಾವಿ ಊರವ್ರ ಗಾದಿ ಇವತ್ತ ಮುಟ್ಟಿಸ್ಬೇಕು. ಮುಂದಿನ ವಾರ ಹೋದ್ರಾತು" ಅಂದಳು. ಮುಂದಿನ ವಾರ ಕರೂರಿನ ಮದುವೆಯ ಕೆಲಸ ಬಂತು. ಅದರ ಮುಂದಿನ ವಾರ ಅವಳಿಗೇ ತಲೆನೋವು ಬಂತು. ಲಾಲಸಾಬ್ ಜಗಳಕ್ಕೆ ಹೆದರುವ ಮನುಷ್ಯ. ಆಮೇಲೆ ಬಳ್ಳಾರಿಯ ಮಾತೆತ್ತುವುದನ್ನೇ ಬಿಟ್ಟ, ಬರಬರುತ್ತ ಇಬ್ಬರ ನಡುವೆ ಮಾತೇ ಕಡಿಮೆಯಾಯಿತು.

ಪಿಂಜಾರರಲ್ಲಿ ಒಂದು ಮಾತಿದೆ, ಅರಳೆ ಅನ್ನ ಕೊಡುತ್ತದೆ, ಉಸಿರು ತಿನ್ನುತ್ತದೆ ಎಂದು. ಎದೆಗೆ ಏನೇ ಬಂದರೂ ಅದು ಅರಳೆಯ ಲೆಕ್ಕಕ್ಕೇ ಹೋಗುತ್ತದೆ. ಲಾಲಸಾಬನ ಅಪ್ಪ ಒಂದು ಮಧ್ಯಾಹ್ನ ಅರಳೆಯ ಗುಡ್ಡೆಗೆ ಒರಗಿ ಕೂತವನು ಏಳಲೇ ಇಲ್ಲ. "ಅರಳಿ ತಿಂತು" ಅಂದರು, ಮಣ್ಣು ಮಾಡಿದರು. ಆ ಅಪ್ಪನ ಮೊಣಕೈ ಮೇಲೂ ಹೊಟ್ಟು ಏಳುತ್ತಿತ್ತು. ಅದನ್ನೂ ಇದನ್ನೂ ಕೂಡಿಸಿ ನೋಡಬೇಕೆಂದು ಯಾರಿಗೂ ತೋಚಲಿಲ್ಲ.

ರಹೀಮಾಬೀಗೆ ಮಾತ್ರ ಒಂದು ಸಣ್ಣ ಮುಳ್ಳು ಒಳಗೆ ಚುಚ್ಚುತ್ತಲೇ ಇತ್ತು. ಅರಳೆಯ ದಮ್ಮು ಅಂದರೆ ಕೆಮ್ಮು ಇರಬೇಕು. ಇವನು ಕೆಮ್ಮುವುದಿಲ್ಲ. ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಾನೆ, ಗೋಡೆ ಹಿಡಿಯುತ್ತಾನೆ, ಎಡ ಹೆಗಲನ್ನು ತಿಕ್ಕಿಕೊಳ್ಳುತ್ತಾನೆ, ಮತ್ತೆ ಹತ್ತುತ್ತಾನೆ. ಮಲಗುವಾಗ ಎರಡು ದಿಂಬು ಬೇಕು ಅನ್ನುತ್ತಾನೆ. ಎಲ್ಲ ಕಂಡಿತ್ತು. ಆದರೆ ಅದನ್ನು ಒಪ್ಪಿಕೊಂಡರೆ ಬಳ್ಳಾರಿಗೆ ಹೋಗಬೇಕು. ಬಳ್ಳಾರಿಗೆ ಹೋದರೆ ಆ ಡಾಕ್ಟರಮ್ಮ ಮತ್ತೆ ಎದೆಗೆ ನಳಿಕೆ ಇಡುತ್ತಾಳೆ.

ಹೊಸ ಹತ್ತಿ ಬಿಡಿಸುವ ಕಾಲಕ್ಕೆ ಕುರುಗೋಡಿನಿಂದ ಕರೆ ಬಂತು. ವಿರೂಪಮ್ಮನ ಮಗಳು ಅನುಷಾಳ ಮದುವೆ. ವಿರೂಪಮ್ಮ ವಿಧವೆ, ತಾನೇ ನಿಂತು ಹೊಲ ಮಾಡಿಸುವ ಗಟ್ಟಿ ಹೆಂಗಸು. ಎಷ್ಟೇ ಫೋಮಿನ ಗಾದಿ ಬಂದಿದ್ದರೂ ಆ ಮನೆಯಲ್ಲಿ ಮಗಳ ಜೊತೆ ಕಳಿಸುವ ಗಾದಿ ಹೊಲದ ಹೊಸ ಹತ್ತಿಯದೇ ಆಗಬೇಕು, ಮನೆಯ ಅಂಗಳದಲ್ಲೇ ಹೊಲಿಯಬೇಕು, ಅದೂ ಗಂಡ ಹೆಂಡತಿ ಜೋಡಿಯಾಗಿ. ಗಂಡ ತಲೆಯ ಕಡೆಯಿಂದ, ಹೆಂಡತಿ ಕಾಲಿನ ಕಡೆಯಿಂದ ದಬ್ಬಣ ಹಿಡಿದು ಸಾಲು ಸಾಲು ಹೊಲಿದು ನಡುವೆ ಬಂದು ಕೂಡಬೇಕು. ಜೋಡಿ ಹೊಲಿಗೆ ಅನ್ನುತ್ತಾರೆ. ನಡುವಿನ ಸಾಲಿಗೆ ಇಬ್ಬರ ದಾರ ಕೂಡಿಸಿ ಗಂಟು ಹಾಕಿದರೆ ಆ ಗಾದಿಯ ಮೇಲೆ ಮಲಗುವ ಜೋಡಿ ಅಗಲುವುದಿಲ್ಲ ಎಂದು ನಂಬಿಕೆ. ಮಾತು ಬಿಟ್ಟ ಗಂಡ ಹೆಂಡತಿಯನ್ನು ಅಂಥ ಕೆಲಸಕ್ಕೆ ಕೂರಿಸಿದರೆ ಹೇಗಿರುತ್ತದೆ?

ಲಾಲಸಾಬ್ ಮುಂಜಾನೆ ಅರಳೆ ಬಡಿದು ಹದ ಮಾಡಿದ. ಇಬ್ಬರೂ ಗಾದಿಯ ಎರಡು ತುದಿಗೆ ಕೂತರು. ರಹೀಮಾಬೀಯ ದಬ್ಬಣ ಸರಸರ ಓಡಿತು. ಅವಳ ಸಾಲುಗಳು ನಡುವಿಗೆ ಹತ್ತಿರವಾದವು. ತಲೆ ಎತ್ತಿ ನೋಡಿದರೆ ಅವನ ಕಡೆ ಕೆಲಸವೇ ಸಾಗಿಲ್ಲ. ಹೊಲಿಗೆ ಸಡಿಲ, ಸಾಲು ಸೊಟ್ಟ.

"ಅಕ್ಕಾ, ನೋಡ್ರಿ ನಿಮ್ಮ ಗಾದಿ ಗತಿ" ಎಂದಳು ವಿರೂಪಮ್ಮನಿಗೆ, ಗಂಡನಿಗೆ ಕೇಳುವಂತೆ. "ಕೈ ಕುರುಗೋಡಾಗ ಐತಿ, ಮನಸು ಬಳ್ಳಾರ್ಯಾಗ ಐತಿ."

ಜೋಳ ಹಸನು ಮಾಡುತ್ತಿದ್ದ ವಿರೂಪಮ್ಮ ನಕ್ಕಳು. "ಈ ವಯಸ್ಸಿನಾಗ ಬಳ್ಳಾರ್ಯಾಗ ಏನ್ ಇಟ್ಟಿಯಪ್ಪಾ ಲಾಲಸಾಬ?"

"ಡಾಕ್ಟರಮ್ಮ ಅದಾಳಕ್ಕಾ. ನಕ್ಕರ ಗುಳಿ ಬೀಳತೈತಿ. ಎದಿ ಮುಟ್ಟಿ ನೋಡತಾಳ" ಎಂದು ರಹೀಮಾಬೀಯೇ ಉತ್ತರ ಕೊಟ್ಟಳು.

ಲಾಲಸಾಬ್ ದಬ್ಬಣ ಕೆಳಗಿಟ್ಟ. "ಮಾರಿ ತೊಳ್ಕೊಂಡು ಬರ್ತೀನಿ" ಎಂದು ಎದ್ದು ಮನೆಯ ಹಿಂದಕ್ಕೆ ಹೋದ. ಹೋದವನು ಬರಲಿಲ್ಲ. ರಹೀಮಾಬೀ ತನ್ನ ಕೊನೆಯ ಸಾಲು ಮುಗಿಸಿ, ದಾರ ಹಲ್ಲಿನಲ್ಲಿ ಕಡಿದು, ಸೆರಗು ಕೊಡವಿ ಎದ್ದಳು.

ದನದ ಕೊಟ್ಟಿಗೆಯ ಗೋಡೆಗೆ ಒರಗಿ ಅವನು ನೆಲದ ಮೇಲೆ ಕೂತಿದ್ದ. ಬಲಗೈಯಲ್ಲಿ ಫೋನು. ಎಡಗೈ ಎದೆಯ ಮೇಲೆ. ದನಿ ಎಷ್ಟು ಮೆತ್ತಗಿತ್ತೆಂದರೆ ಅಷ್ಟು ಮೆತ್ತಗೆ ಅವನು ಅವಳ ಜೊತೆ ಮದುವೆಯಾದ ವರ್ಷ ಮಾತ್ರ ಮಾತಾಡಿದ್ದ.

"ಇಲ್ರೀ ಡಾಕ್ಟರಮ್ಮಾ... ಆಕೀಗೆ ಹೇಳಿಲ್ಲ. ಹೇಳಂಗಿಲ್ರಿ... ನಿಮಗ ಹೇಳ್ಬೇಕನ್ನಿಸ್ತು, ಅದಕ್ಕ ಮಾಡೀನಿ."

ರಹೀಮಾಬೀ ಹೋಗಿ ಫೋನು ಕಿತ್ತುಕೊಂಡಳು.

"ಏನ್ರೀ ಡಾಕ್ಟರಮ್ಮಾ! ನನ್ನ ಗಂಡನ ಎದಿ ನಿಮಗ್ಯಾಕ ಬೇಕ್ರೀ? ಊರಾಗ ಬ್ಯಾರೆ ಗಂಡಸ್ರ ಎದಿ ಇಲ್ಲೇನು ನಿಮಗ?"

ಆ ಕಡೆಯಿಂದ ದನಿ ಬಂತು. ಅದರಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ.

"ನೀವು ಬಂದಿದ್ದು ಚಲೋ ಆತು ಅಮ್ಮಾ. ಬೈಯೋದು ಆಮ್ಯಾಲೆ ಬೈರಿ. ಈಗ ಅವರನ್ನ ನೋಡಿ ಹೇಳ್ರಿ. ಬೆವರಾಕತ್ತಾರೇನು?"

ಅವಳು ಆಗ ನೋಡಿದಳು. ಅಲ್ಲಿಯವರೆಗೆ ಅವಳು ಫೋನು ನೋಡಿದ್ದಳು, ಮೆತ್ತಗಿನ ದನಿ ಕೇಳಿದ್ದಳು, ಗಂಡನನ್ನು ನೋಡಿರಲಿಲ್ಲ. ಅವನ ಅರ್ಧ ತೋಳಿನ ಅಂಗಿ ನೀರಿನಲ್ಲಿ ಅದ್ದಿ ತೆಗೆದಂತಿತ್ತು. ಒದ್ದೆ ಮುಂಗೈಗೆ ಅರಳೆಯ ಎಳೆಗಳು ಮೆತ್ತಿಕೊಂಡಿದ್ದವು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

"ಬೆವರ್ಯಾರ್ರೀ" ಅಂದಳು. "ಭಾಳ ಬೆವರ್ಯಾರ."

"ನೋವು ಎಲ್ಲೈತಿ ಅಂತಾರ? ಎದಿ ಅಷ್ಟನಾ, ಹೆಗಲಿಗೂ ಐತಾ?"

"ಹೆಗಲಿಗೂ, ಗದ್ದಕ್ಕೂ" ಎಂದ ಲಾಲಸಾಬ್ ಕೆಳಗಿನಿಂದ.

"ಅಮ್ಮಾ, ನನಗ ಖರೇ ಹೇಳ್ರಿ. ಈ ಮೊದ್ಲು ಹಿಂಗ ಆಗಿತ್ತೇನು? ನಡದ್ರ, ಮೆಟ್ಟಲ ಹತ್ತಿದ್ರ?"

ಅರಳಿ ಧೂಳ್ರಿ ಎಂಬ ಮಾತು ನಾಲಿಗೆಯ ತುದಿಗೆ ಬಂದೇ ಬಂತು. ಅಲ್ಲೇ ನಿಂತಿತು. ಆಮೇಲೆ ಬೇರೆಯದು ಹೊರಬಿತ್ತು, ಕಟ್ಟೆ ಒಡೆದ ಕಾಲುವೆಯಂತೆ. ಮೆಟ್ಟಿಲ ನಡುವೆ ನಿಲ್ಲುವುದು, ಗೋಡೆ ಹಿಡಿಯುವುದು, ಎಡ ಹೆಗಲು ತಿಕ್ಕಿಕೊಳ್ಳುವುದು, ಎರಡು ದಿಂಬು, ಉಂಡ ಮೇಲೆ ನಡೆಯಲು ಹೋದರೆ ವಾಪಸು ಬಂದು ಕೂಡುವುದು, ಕೆಮ್ಮು ಇಲ್ಲದ ದಮ್ಮು. ಅವನೂ ಯಾರಿಗೂ ಹೇಳದ್ದನ್ನೆಲ್ಲ ಹೇಳಿದಳು. ಲಾಲಸಾಬ್ ಅವಳ ಮುಖವನ್ನೇ ನೋಡುತ್ತಿದ್ದ.

"ಯಾವಾಗಿಂದ?"

"ರಮಜಾನ್ ಮುಗದಾಗಿಂದ್ರಿ." ಸ್ವಲ್ಪ ತಡೆದು ಹೇಳಿದಳು. "ನಿಮ್ಮ ದವಾಖಾನಿಗೆ ಬಂದಾಗನೂ ಇತ್ರಿ."

ಡಾಕ್ಟರಮ್ಮ ಅದಕ್ಕೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ರಹೀಮಾಬೀಗೆ ಸುಲಭವಾಗುತ್ತಿತ್ತು. "ಅವರನ್ನ ಒಂದು ಹೆಜ್ಜಿನೂ ನಡಸಬ್ಯಾಡ್ರಿ. ಮನ್ಯಾಗ ಆಸ್ಪಿರಿನ್ ಐತೇನು ಕೇಳ್ರಿ. ಅವರಿಗೆ ಹೊಟ್ಟಿ ಹುಣ್ಣು, ರಕ್ತ ಬೀಳೋದು ಏನೂ ಇಲ್ಲಲ್ಲ? ಹಂಗಾದ್ರ ಒಂದು ಗುಳಿಗಿ ಅಗದು ನುಂಗ್ಲಿ. ಒಂದುನೂರಾ ಎಂಟಕ್ಕ ಫೋನ್ ಮಾಡ್ರಿ. ಗಾಡಿ ದೂರ ಐತಿ ಅಂದ್ರ ಕಾಯಬ್ಯಾಡ್ರಿ, ಯಾವ ಗಾಡಿ ಸಿಗತೈತಿ ಅದರಾಗ ಹೊರಡ್ರಿ. ಹೃದಯದ ದವಾಖಾನಿಗೆ ನಾ ಹೇಳಿ ಇಡ್ತೀನಿ."

ಆಂಬುಲೆನ್ಸು ಬೇರೆ ಊರಿಗೆ ಹೋಗಿತ್ತು. ವಿರೂಪಮ್ಮನ ಹತ್ತಿರ ತನ್ನ ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ ಗುಳಿಗೆಯೇ ಇತ್ತು, ತಂದು ಅವನ ಬಾಯಿಗೆ ಹಾಕಿದಳು. ಅವಳ ತಮ್ಮ ಎರ್ರಿಸ್ವಾಮಿಯ ಹತ್ತಿ ಹೇರುವ ಪಿಕಪ್ ಗಾಡಿ ಬಾಗಿಲಲ್ಲೇ ಇತ್ತು. ಗಾಡಿಯ ತಳ ಬರೀ ತಗಡು.

"ಗಾದಿ ಹಾಕಲೇ ಎರ್ರಿ!" ವಿರೂಪಮ್ಮ ಕೂಗಿದಳು. "ಅನುಷಾನ ಗಾದಿ ಎತ್ತಿ ಹಾಕು!"

ರಹೀಮಾಬೀ ಅವಳ ಕೈ ಹಿಡಿದು ಕಿವಿಯಲ್ಲಿ ಹೇಳಿದಳು. "ಅಕ್ಕಾ, ಬ್ಯಾಡ. ಮದುವಿ ಗಾದಿ. ಇವರ ಬೆನ್ನಾಗ... ಹೊಟ್ಟು ಏಳತೈತಿ. ಚರ್ಮದ ರೋಗ ಐತಿ ಇವರಿಗೆ." ಊರಿಗೆಲ್ಲ ಮುಚ್ಚಿಟ್ಟ ಮಾತು ಅವತ್ತು ಅವಳ ಬಾಯಿಂದಲೇ ಹೋಯಿತು.

ವಿರೂಪಮ್ಮ ಕೈ ಬಿಡಿಸಿಕೊಂಡಳು. "ಬೂಬಮ್ಮಾ, ಸಾಯೋ ಮನುಷ್ಯಾನ ಮುಂದ ಚರ್ಮದ ಮಾತ ಆಡ್ತೀಯಲ್ಲ. ನನ್ನ ಮಗಳಿಗೆ ಹತ್ತಿ ಇನ್ನೂ ಐತಿ, ನಿನಗ ಗಂಡ ಇನ್ನೊಬ್ಬ ಇಲ್ಲ. ಹತ್ತು ಗಾಡಿ!"

ಅರ್ಧ ಹೊಲಿದ ಗಾದಿಯ ಮೇಲೆ ಅವನನ್ನು ಮಲಗಿಸಿದರು. ರಹೀಮಾಬೀ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಹೆದ್ದಾರಿಗೆ ಬಂದ ಮೇಲೆ, ಗಾಳಿಯ ಸದ್ದಿನಲ್ಲಿ ಬಗ್ಗಿ ಕೇಳಿದಳು.

"ನನಗ್ಯಾಕ ಹೇಳಲಿಲ್ರೀ? ಆಕೀಗೆ ಹೇಳಿದ್ರಿ, ನನಗ್ಯಾಕ ಹೇಳಲಿಲ್ಲ?"

ಅವನು ಕಣ್ಣು ಮುಚ್ಚಿಕೊಂಡೇ ಹೇಳಿದ. "ನಿನಗ ಹೇಳಿದ್ರ ಅರಳಿ ಅಂತಿದ್ದಿ. ಆಕಿ ಎದಿ ಅಂದ್ಲು."

ಬಳ್ಳಾರಿಯ ದವಾಖಾನೆಯ ಬಾಗಿಲಲ್ಲಿ ಸಂಘಮಿತ್ರಾ ತನ್ನ ಸ್ಕೂಟಿ ಅಡ್ಡಾದಿಡ್ಡಿ ನಿಲ್ಲಿಸಿ ಕಾಯುತ್ತಿದ್ದಳು. ಸ್ಟ್ರೆಚರಿನ ಜೊತೆ ಓಡುತ್ತ ಲಾಲಸಾಬನ ಕೈ ಹಿಡಿದು, "ಹೆದರಬ್ಯಾಡ್ರಿ, ಬಂದ್ರಲ್ಲ" ಅಂದಳು. ಅವನು ಆ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ. ಗಂಡ ಬದುಕುತ್ತಾನೋ ಇಲ್ಲವೋ ಗೊತ್ತಿಲ್ಲದ ಆ ಹೊತ್ತಿನಲ್ಲೂ ರಹೀಮಾಬೀಗೆ ಆ ಎರಡು ಕೈ ನೋಡಿ ಚುರ್ರೆಂದಿತು. ಮನುಷ್ಯರ ಜಾತಿಯೇ ಹಾಗೆ. ಮನೆ ಸುಡುವಾಗಲೂ ಪಕ್ಕದವರ ಕೊಡ ದೊಡ್ಡದಿದೆಯಲ್ಲ ಎಂದು ನೋಡುತ್ತೇವೆ.

ಹೃದಯದ ಡಾಕ್ಟರು ತೊಡೆಯ ರಕ್ತನಾಳದಿಂದ ತಂತಿ ಹಾಕಿ, ಹೃದಯದಲ್ಲಿ ಕಟ್ಟಿಹೋಗಿದ್ದ ನಾಳ ಬಿಡಿಸಿ, ಸ್ಟೆಂಟ್ ಕೂರಿಸಿದರು. ಹೊರಗೆ ಬಂದು ಹೇಳಿದರು: ಜೀವಕ್ಕೆ ಭಯವಿಲ್ಲ. ಆದರೆ ನಾಳ ಬಹಳ ದಿನದಿಂದ ಕಿರಿದಾಗುತ್ತ ಬಂದಿತ್ತು. ಹೃದಯದ ಸ್ನಾಯುವಿನ ಒಂದು ಭಾಗ ಸತ್ತಿದೆ, ಅದು ಮತ್ತೆ ಹುಟ್ಟುವುದಿಲ್ಲ.

ಮರುದಿನ ಸಂಘಮಿತ್ರಾ ನೋಡಲು ಬಂದಾಗ ರಹೀಮಾಬೀ ಅವಳನ್ನು ವಾರ್ಡಿನ ಹೊರಗಿನ ಬೆಂಚಿಗೆ ಕರೆದು ಕೂರಿಸಿದಳು. ಕ್ಷಮೆ ಕೇಳಲು ಬಾಯಿ ಬರಲಿಲ್ಲ.

"ಚರ್ಮಕ್ಕೂ ಎದಿಗೂ ಏನ್ ಸಂಬಂಧ, ಇನ್ನೊಮ್ಮೆ ಹೇಳ್ರಿ. ಅವತ್ತ ನಾ ಕೇಳಿಸ್ಕೊಳ್ಳಲಿಲ್ಲ."

"ನಮ್ಮ ಮೈ ಕಾಯಾಕ ರಕ್ತದಾಗ ಕಾವಲುಗಾರ್ರು ಇರತಾರ ಅಮ್ಮಾ. ಈ ರೋಗದಾಗ ಅವ್ರಿಗೆ ತಲಿ ಕೆಡತೈತಿ. ಕಳ್ಳ ಇಲ್ಲದಿದ್ರೂ ಮನಿಯವ್ರನ್ನ ಬಡೀತಾರ. ಚರ್ಮದ ಮ್ಯಾಲೆ ಬಡದ್ರ ಕೆಂಪಾಗತೈತಿ, ಹೊಟ್ಟು ಏಳತೈತಿ, ನಮಗ ಕಾಣತೈತಿ. ಅದ ಉರಿ ರಕ್ತದ ನಾಳದ ಒಳಗೂ ಇರತೈತಿ, ಅದು ಕಾಣಂಗಿಲ್ಲ. ವರ್ಷಗಟ್ಟಲೆ ಉರಿದ ಕಡೆ ಕೊಬ್ಬು ಕಟ್ಟತೈತಿ. ಚರ್ಮದ ರೋಗ ಇದ್ದವ್ರಿಗೆಲ್ಲ ಹಿಂಗ ಆಗಂಗಿಲ್ಲ. ಆದ್ರ ಆಗೋದು ಹೆಚ್ಚು. ಅದಕ್ಕ ಬಿ.ಪಿ., ಸಕ್ರಿ, ಕೊಬ್ಬು, ಸೊಂಟ ಎಲ್ಲಾ ನೋಡ್ತೀವಿ."

"ಮುಲಾಮು ಹಚ್ಚಿ ಚರ್ಮ ಚಲೋ ಆಗಿತ್ತಲ್ರೀ?"

"ಮ್ಯಾಲೆ ಚಲೋ ಆಗಿತ್ತು. ಒಳಗಿಂದು ನಾವು ನೋಡಲೇ ಇಲ್ಲ."

ನಾವು ಅಂದಳು. ನೀವು ಬಿಡಲಿಲ್ಲ ಅನ್ನಲಿಲ್ಲ.

"ಒಂದು ಮಾತು ಹೇಳ್ತೀನಿ, ಸಿಟ್ಟು ಮಾಡ್ಕೋಬ್ಯಾಡ್ರಿ" ಅಂದಳು ರಹೀಮಾಬೀ. "ನಿಮ್ಮನ್ನ ಕಂಡ್ರ ನನಗ ಈಗೂ ಹೊಟ್ಟಿ ಉರೀತೈತಿ."

ಸಂಘಮಿತ್ರಾ ನಕ್ಕಳು. ಕೆನ್ನೆಯಲ್ಲಿ ಗುಳಿ ಬಿತ್ತು. "ಉರೀಲಿ ಬಿಡ್ರಿ. ನೀವು ಮೆಟ್ಟಲ ಮ್ಯಾಲೆ ನೋಡಿದ್ದನ್ನ ನಾ ನಳಿಕಿ ಇಟ್ರೂ ಕಾಣತಿರ್ಲಿಲ್ಲ. ಇನ್ಮ್ಯಾಲೆ ಏನ್ ಕಂಡ್ರೂ ನನಗ ಹೇಳ್ರಿ. ಬೈಕೋಂತನಾ ಹೇಳ್ರಿ."

ತಿಂಗಳಿಗೊಮ್ಮೆ ಇಬ್ಬರೂ ಬಳ್ಳಾರಿಗೆ ಹೋಗುತ್ತಾರೆ. ಡಾಕ್ಟರಮ್ಮ ಕೇಳಿದ್ದಕ್ಕೆ ಈಗ ಲಾಲಸಾಬನೇ ಉತ್ತರ ಕೊಡುತ್ತಾನೆ, ಅವನು ಬಿಟ್ಟದ್ದನ್ನು ರಹೀಮಾಬೀ ಕೂಡಿಸುತ್ತಾಳೆ. ಹಿಂಜುವ ಮಿಷಿನ್ನು ಮಾರಿದರು. ಅವನು ಇನ್ನು ಅರಳೆ ಬಡಿಯುವಂತಿಲ್ಲ, ಭಾರ ಎತ್ತುವಂತಿಲ್ಲ. ಅಂಗಡಿಯಲ್ಲಿ ಫೋಮಿನ ಗಾದಿ ಇಟ್ಟು ಮಾರುತ್ತಾನೆ. ಊರೂರಿಗೆ ಹೋಗಿ ಜೋಡಿ ಹೊಲಿಗೆ ಹಾಕುವುದು ನಿಂತುಹೋಯಿತು. ವಿರೂಪಮ್ಮನ ಮಗಳಿಗೆ ಬೇರೆಯವರು ಗಾದಿ ಹೊಲಿದುಕೊಟ್ಟರು.

ರಹೀಮಾಬೀಗೆ ಗಂಡ ಉಳಿದ. ಅವನ ಎದೆಯ ಒಂದು ಭಾಗ ಹೋಯಿತು, ಅವನ ಕಸುಬು ಹೋಯಿತು. ಅವನ ಮೈ ನನಗೊಬ್ಬಳಿಗೇ ಗೊತ್ತು ಎಂಬ ಮಾತೂ ಹೋಯಿತು.